ಕೂಲಿಮಠದಿಂದ ನಾರ್ಮಲ್ ಶಾಲೆಗೆ: ಕನ್ನಡ ನಾಡಿನಲ್ಲಿ ಉಪಾಧ್ಯಾಯರ ತಯಾರಿಯ ಚರಿತ್ರೆ

ಉಪಾಧ್ಯಾಯರನ್ನು ತಯಾರಿಸುವ ಪ್ರತ್ಯೇಕ ಶಾಲೆಗಳು ನಮ್ಮ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದುವೆಂಬುದು ಎಲ್ಲರೂ ಬಲ್ಲ ಸಂಗತಿ. ಇದರಿಂದ, ಅದಕ್ಕೆ ಹಿಂದೆ ಉಪಾಧ್ಯಾಯನಿಗೆ ಯಾವ ತಯಾರಿಯೂ ಇರಲಿಲ್ಲವೆಂದೂ, ಬೋಧನಕ್ರಮವೆಂಬುದು ಸಂಪೂರ್ಣವಾಗಿ ಪಶ್ಚಿಮದಿಂದ ಬಂದ ವಸ್ತುವೆಂದೂ ಭಾವಿಸುವುದು ವಾಡಿಕೆಯಾಗಿದೆ. ದೊರೆಯುವ ಆಧಾರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರೆ ಈ ಭಾವನೆಯು ಅರ್ಧ ಮಾತ್ರ ನಿಜವೆಂದು ತೋರುತ್ತದೆ. ಉಪಾಧ್ಯಾಯನ ಸಿದ್ಧತೆಯಲ್ಲಿ ಎರಡು ಅಂಗಗಳುಂಟು. ಮಕ್ಕಳ ಗುಂಪನ್ನು ನಡಸಿ ಪಾಠವನ್ನು ಅವರ ಮನಸ್ಸಿಗೆ ಮುಟ್ಟಿಸುವ ಅಭ್ಯಾಸವು ಒಂದು. ಕಲಿಸುವ ವಿಷಯವನ್ನು ತಾನು ಸರಿಯಾಗಿ ಅರಿತಿರುವುದು ಇನ್ನೊಂದು. ನಮ್ಮ ಹಳೆಯ ಕೂಲಿಮಠಗಳು ಮೊದಲನೆಯದನ್ನು ತಮಗೆ ತಿಳಿಯದೆಯೇ ಕೊಡುತ್ತಿದ್ದುವು. ಎರಡನೆಯದರಲ್ಲಿ ಅವು ಸೋತಿದ್ದುವು. ಆ ಸೋಲಿಗೆ ಕಾರಣವೇನು, ಅನಂತರ ಬಂದ ನಾರ್ಮಲ್ ಶಾಲೆಗಳು ಅದನ್ನು ಎಷ್ಟರಮಟ್ಟಿಗೆ ತಿದ್ದಿದುವು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧

ಕನ್ನಡ ನಾಡಿನ ಪಾಠಕ್ರಮವನ್ನು ಕಣ್ಣಾರೆ ಕಂಡು ಬರೆದಿಟ್ಟ ವಿದೇಶೀಯರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಮುಖ್ಯನು. ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ಸಂಗಡ ಅವನು ೧೬೨೩ನೆಯ ಇಸವಿಯ ನವೆಂಬರಿನಲ್ಲಿ ಘಟ್ಟವನ್ನೇರಿ ಇಕ್ಕೇರಿಗೆ ಪ್ರಯಾಣ ಮಾಡುತ್ತಿದ್ದನು. ದಾರಿಯಲ್ಲಿ ಒಂದು ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಅವನು ಕಂಡನು. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಅದನ್ನೇ ಬೆರಳಿನಿಂದ ಬರೆಯುವನು. ಉಳಿದವರು ಅದೇ ರಾಗದಲ್ಲಿ ಹೇಳಿ ಅದನ್ನೇ ಬರೆಯುವರು. ಮರಳು ತುಂಬಿದರೆ ಅಳಿಸಿ ಹೊಸ ಮರಳನ್ನು ಹರಡುವರು. ಗುರುವಿಲ್ಲದಿರುವಾಗ ತಪ್ಪನ್ನು ತಿದ್ದುವವರು ಯಾರೆಂದು ಪ್ರವಾಸಿಯು ಕೇಳಲು, ನಾಲ್ವರಿಗೂ ಒಂದೇ ಕಡೆಯಲ್ಲಿ ಒಂದೇ ಸಲ ತೊಡಕು ಬರುವುದು ಸಾಧ್ಯವಿಲ್ಲವೆಂದೂ, ಒಬ್ಬನು ಮರೆತುದನ್ನು ಇನ್ನೊಬ್ಬನು ನೆನಪಿಗೆ ತರುವನೆಂದೂ ಹುಡುಗರು ಉತ್ತರವಿತ್ತರಂತೆ.

ಈ ಉತ್ತರವು ಮಕ್ಕಳ ಬಾಯಿಂದ ಬಂದುದಾದರೂ ಅದರಲ್ಲಿ ಒಂದು ಬೋಧನತತ್ತ್ವವಿದೆ. ಕಲಿಯುವವನೇ ಕಲಿಸುವವನೂ ಆಗಿರುವ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ದಿನದಿನವೂ ಬೋಧನಾಭ್ಯಾಸ ನಡೆಯುತ್ತಿರುತ್ತದೆ. ಇಂತಹ ಹುಡುಗನು ಮುಂದೆ ತಾನೇ ಐಗಳಾಗಿ ಮಠವನ್ನು ತೆರೆದರೆ ತರಗತಿಯ ಮುಂದೆ ನಿಲ್ಲುವುದು ಅವನಿಗೆ ಹೊಸದಾಗಿರುವುದಿಲ್ಲ.

೨

ಎರಡು ಶತಮಾನಗಳ ಬಳಿಕ ಇದೇ ಕ್ರಮವು ಅಂಕೆಸಂಖ್ಯೆಗಳೊಡನೆ ನಮ್ಮ ಕಣ್ಣಿಗೆ ಬೀಳುತ್ತದೆ. ಮದರಾಸಿನ ಗವರ್ನರನಾದ ಸರ್ ತಾಮಸ್ ಮನ್ರೋ ೧೮೨೨ನೆಯ ಜೂನ್ ೨೫ರಂದು ಬರೆದ ಟಿಪ್ಪಣಿಗನುಸಾರವಾಗಿ ಆ ಪ್ರಾಂತದ ಕಲೆಕ್ಟರುಗಳೆಲ್ಲರೂ ದೇಶೀಯ ಶಾಲೆಗಳ ಲೆಕ್ಕವನ್ನು ಕಳುಹಿಸಬೇಕಾಯಿತು. ಅವುಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ಲನು ೧೮೨೩ನೆಯ ಆಗಸ್ಟ್ ೧೭ರಂದು ಬರೆದ ವರದಿಯು ಅತ್ಯಂತ ವಿವರವಾದುದು. ಆಗಿನ ಬಳ್ಳಾರಿ ಜಿಲ್ಲೆಯ ೯,೨೭,೮೫೭ ಜನರಿಗೆ ೫೩೩ ಶಾಲೆಗಳಿದ್ದುವು; ಅವುಗಳಲ್ಲಿ ೬,೬೪೧ ಮಂದಿ ವಿದ್ಯಾರ್ಥಿಗಳಿದ್ದರು. ಎಂದರೆ ಶಾಲೆಯೊಂದಕ್ಕೆ ಹನ್ನೆರಡು ಹದಿಮೂರು ಮಕ್ಕಳು ಮಾತ್ರ. ಭಾಷಾವಾರಿಯಾಗಿ ಕನ್ನಡದ ಶಾಲೆಗಳು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಸಂಸ್ಕೃತದವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ೧. ಇವುಗಳಲ್ಲಿ ಒಂದಕ್ಕಾದರೂ ಸರ್ಕಾರದ ಆಶ್ರಯವಿಲ್ಲವೆಂದು ಬರೆಯಲು ಕ್ಯಾಂಬೆಲ್ಲನು ನಾಚಿಕೆಪಟ್ಟಿದ್ದಾನೆ.

ಅವನು ಬಣ್ಣಿಸಿರುವ ಶಾಲಾಚಿತ್ರವು ನಮ್ಮ ಹಿರಿಯರ ಬಾಯಿಂದ ಕೇಳಿದ ಕೂಲಿಮಠದ ಚಿತ್ರವೇ ಆಗಿದೆ. ಬೆಳಗಿನ ಆರು ಗಂಟೆಯ ಹೊತ್ತಿಗೆ ಮಕ್ಕಳು ಸೇರುವರು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು, ಎರಡನೆಯವನ ಅಂಗೈಯಲ್ಲಿ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬುದಕ್ಕೆ ಗುರುತಾಗಿ, ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಮುಂದಕ್ಕೆ. ಸೋಮಾರಿಗೆ ಬೆತ್ತದ ಪೆಟ್ಟು, ಎರಡು ಕೈಗಳನ್ನೂ ಕಟ್ಟಿ ಸೂರಿಗೆ ತೂಗಹಾಕುವುದು, ಬಿಡುವಿಲ್ಲದೆ ಬಸ್ಕಿ ಹೊಡೆಸುವುದು ಮೊದಲಾದ ಶಿಕ್ಷೆಗಳಿದ್ದುವು. ಮಕ್ಕಳನ್ನು ಅವರವರ ಮಟ್ಟಕ್ಕೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಿ, ಕೆಳಗಿನ ವರ್ಗಗಳನ್ನು ಮುಂದುವರಿದ ಹುಡುಗರಿಗೂ ಮೇಲಿನವುಗಳನ್ನು ಗುರುವಿಗೂ ಒಪ್ಪಿಸುತ್ತಿದ್ದರು. ಮೊದಲು ಮರಳಿನಲ್ಲಿ ಬೆರಳಿನಿಂದ, ಆಮೇಲೆ ಹಲಗೆಯ ಮೇಲೆ ಇಲ್ಲವೆ ಕಡತದ ಮೇಲೆ ಬಳಪದಿಂದ ಬರೆಯಿಸುವರು. ಬಟ್ಟೆಯನ್ನು ಗಂಜಿಯಲ್ಲಿ ಬಿರುಸುಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳನ್ನು ಬಳಿದು ಕಡತವನ್ನು ಮಾಡುವ ರೀತಿಯನ್ನೂ ಅವನು ತಿಳಿಸಿದ್ದಾನೆ.

ಕಡಮೆ ವೆಚ್ಚದಲ್ಲಿ ಬರೆಹವನ್ನು ಕಲಿಸುವ ಈ ಉಪಾಯವೂ, ಮುಂದುವರಿದವರಿಂದ ಹಿಂದುಳಿದವರಿಗೆ ಪಾಠ ಹೇಳಿಸುವ ಏರ್ಪಾಡೂ ಮೆಚ್ಚತಕ್ಕವೆಂದೂ, ಇಂಗ್ಲೆಂಡಿನವರು ಅವನ್ನು ಅನುಕರಿಸಿದುದು ಯುಕ್ತವೇ ಎಂದೂ ಕ್ಯಾಂಬೆಲ್ಲನು ಅಭಿಪ್ರಾಯಪಟ್ಟಿದ್ದಾನೆ. ಆದರೆ ಅವನ ಮೆಚ್ಚಿಕೆಯು ಇಲ್ಲಿಗೆ ನಿಲ್ಲುತ್ತದೆ. ಓದುವ ಗ್ರಂಥಗಳಾವುವೆಂದರೆ ರಾಮಾಯಣ, ಭಾರತ, ಭಾಗವತಗಳು. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚನ್ನಬಸವಪುರಾಣ ಮುಂತಾದುವು. ಈ ಕಾವ್ಯಗಳ ಭಾಷೆ ಆಡುಮಾತಿಗಿಂತ ತೀರ ಬೇರೆಯಾದುದರಿಂದ ಹುಡುಗರು ಅಸಂಖ್ಯ ಪದ್ಯಗಳನ್ನು ಗಿಳಿಗಳಂತೆ ಒಪ್ಪಿಸುವರೇ ಹೊರತು ಅರ್ಥವನ್ನರಿಯರು. ಗುರುವಿಗೇ ಅರ್ಥವಾಗದಿರುವಾಗ ಶಿಷ್ಯನಿಗೆ ಆಗುವುದು ಹೇಗೆ? ಇದು ಅವನ ಆಕ್ಷೇಪಣೆ.

ಇಷ್ಟನ್ನೇ ಓದಿ ಐಗಳ ಅಜ್ಞಾನವನ್ನು ನಿಂದಿಸಿದವರು ಅನೇಕರಿದ್ದಾರೆ. ಅದೇ ವರದಿಯು ಕೊಡುವ ಕಾರಣವನ್ನು ಗಮನಿಸಿದವರು ಕಡಮೆ. ಶಬ್ದಮಣಿದರ್ಪಣ, ಅಮರ ಮೊದಲಾದ ವ್ಯಾಕರಣ ನಿಘಂಟುಗಳಿಲ್ಲದೆ ಭಾಷೆಯ ಸರಿಯಾದ ಜ್ಞಾನವು ದೊರೆಯದು. ಆದರೆ ಹಸ್ತಪ್ರತಿಗಳ ಬೆಲೆ ಹೆಚ್ಚಾಗಿಯೂ ಗುರುಗಳು ಬಡವರಾಗಿಯೂ ಇರುವುದರಿಂದ ಶಾಲೆಗಳಲ್ಲಿ ಎಲ್ಲಕ್ಕಿಂತ ದುರ್ಲಭವಾದ ಗ್ರಂಥಗಳು ಅವೇ ಆಗಿವೆ. ಇರುವ ಪ್ರತಿಗಳೂ ಲಿಪಿಕಾರರ ಅಜ್ಞಾನದಿಂದ ತಪ್ಪುಗಳ ರಾಶಿಯಾಗಿವೆ. ಆದುದರಿಂದ ಅರ್ಥವನ್ನರಿಯದ ಐಗಳು ಅರಿಯಲೊಲ್ಲದವರಾಗಿರಲಿಲ್ಲ; ಅರಿಯುವ ಸಾಧನವೇ ಅವರ ಕೈಗೆಟುಕುತ್ತಿರಲಿಲ್ಲ. ಇಡಿಯ ಪ್ರಾಂತದ ವರದಿಗಳನ್ನು ನೋಡಿದ ಮನ್ರೋ ಸಹ ೧೮೨೬ನೆಯ ಮಾರ್ಚ್ ೧೦ರ ಟಿಪ್ಪಣಿಯಲ್ಲಿ, ಉಪಾಧ್ಯಾಯರ ಸಾಮಾನ್ಯ ಸಂಪಾದನೆ ತಿಂಗಳಿಗೆ ಆರೇಳು ರೂಪಾಯಿಗಳನ್ನು ಮೀರುವುದಿಲ್ಲವೆಂದೂ, ಅಷ್ಟರಿಂದ ಯೋಗ್ಯರು ಆ ವೃತ್ತಿಗೆ ಬರಲಾರರೆಂದೂ ಸ್ಪಷ್ಟವಾಗಿ ಬರೆದಿದ್ದಾನೆ. ಮದರಾಸಿನಲ್ಲಿ ಉಪಾಧ್ಯಾಯರನ್ನು ತಯಾರಿಸಿ, ಪ್ರತಿಯೊಂದು ಕಲೆಕ್ಟರನ ಜಿಲ್ಲೆಗೆ ಎರಡು, ತಹಶೀಲಿಗೆ ಒಂದು ಶಾಲೆಯಂತೆ ಸ್ಥಾಪಿಸಿ, ಜಿಲ್ಲಾ ಶಾಲೆಯವನಿಗೆ ೧೫, ತಹಶೀಲು ಶಾಲೆಯವನಿಗೆ ೯ ರೂಪಾಯಿ ಕೊಡಬೇಕೆಂಬುದು ಅವನ ಯೋಜನೆ. ಮರುವರ್ಷವೇ ಮನ್ರೋ ಪತ್ತಿಕೊಂಡದಲ್ಲಿ ತೀರಿಕೊಂಡನು. ಆ ಶಾಲೆಗಳು ೧೮೩೬ರಲ್ಲಿ ಮುಚ್ಚಿಹೋದುವು.

೩

ಇಂಗ್ಲೆಂಡಿನವರು ಅನುಕರಿಸಿದರೆಂಬ ಕ್ಯಾಂಬೆಲ್ಲನ ಮಾತಿಗೆ ಆಧಾರವೇನು? ಮದರಾಸಿನ ಎಗ್ಮೂರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿ ೧೭೮೯ರಲ್ಲಿ ನೇಮಕವಾದ ಆಂಡ್ರೂ ಬೆಲ್ಲನು, ದೇಶೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ನೋಡಿ ತನ್ನ ಶಾಲೆಯಲ್ಲಿಯೂ ಅದನ್ನು ಜಾರಿಗೆ ತಂದನು. ಉಪಾಧ್ಯಾಯನು ಒಪ್ಪದಿರಲು ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಬಾಲಕನಿಂದ ಆ ಪಾಠವನ್ನು ಹೇಳಿಸಿದನು. ೧೭೯೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪುಸ್ತಕದಿಂದ ಈ ಕ್ರಮಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು. ಮರಳಿನ ಬರೆಹಕ್ಕೆ ಮಾತ್ರ ಬೆಲ್ಲನು ನಮ್ಮ ಶಾಲೆಗಳ ಋಣವನ್ನು ಒಪ್ಪಿಕೊಂಡಿದ್ದಾನೆ. ಮಕ್ಕಳಿಂದ ಮಕ್ಕಳಿಗೆ ಕಲಿಸುವುದು ತನ್ನ ಸ್ವಂತ ಶೋಧನೆಯೆಂದು ಎಣಿಸಿದ್ದಾನೆ. ಅವನು ಅದನ್ನು ಇಲ್ಲಿಂದಲೇ ಪಡೆದನೆಂದು ಸಿದ್ಧಮಾಡುವ ಪತ್ರಾಧಾರವಿಲ್ಲವಾದರೂ, ೧೬೨೩ರಲ್ಲಿಯೇ ಇಕ್ಕೇರಿಯ ದಾರಿಯಲ್ಲಿ ಎರಡೂ ಜತೆಯಾಗಿ ರೂಢಿಯಲ್ಲಿದ್ದುವೆಂಬುದನ್ನು ಮೇಲೆ ನೋಡಿದ್ದೇವೆ. ಶೋಧನೆಯ ಹಿರಿಮೆಯು ಬೆಲ್ಲನದೆಂದು ಹೇಳುವುದು ಇದರಿಂದ ಕಷ್ಟವಾಗುತ್ತದೆ.

ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕ್ಯಾಸ್ಟರನೂ ಇಂತಹುದೇ ಪದ್ಧತಿಯನ್ನು ನೂರಾರು ಮಕ್ಕಳ ಶಾಲೆಗೆ ಅನ್ವಯಿಸಿದನು. ಇಲ್ಲಿಯೇ ಅದರ ಸ್ವರೂಪ ಕೆಟ್ಟಿತು. ಹನ್ನೆರಡು ಮಕ್ಕಳ ಮಠದಲ್ಲಿ ಹಿರಿಯ ಹುಡುಗನು ಕಲಿಸುವಾಗ ಗುರುವಿನ ಕಣ್ಣು ಅವನ ಮೇಲಿರುತ್ತದೆ. ನೂರಾರು ಮಕ್ಕಳ ನಡುವೆ ಅದು ಯಂತ್ರದ ಕೆಲಸವಾಗುತ್ತದೆ. ಈ ಕೊರತೆಯನ್ನು ಕಂಡ ಕೇ ಷಟಲ್‌ವರ್ತನು ೧೮೪೦ರಲ್ಲಿ ಬ್ಯಾಟರ್ಸಿಯಲ್ಲಿ ಉಪಾಧ್ಯಾಯರ ಶಿಕ್ಷಣಾಲಯವನ್ನು ಸ್ಥಾಪಿಸಿದನು. ೧೮೪೬ರ ನಿಯಮಗಳ ಪ್ರಕಾರ ಹದಿಮೂರು ವರ್ಷ ತುಂಬಿದ ಬುದ್ಧಿವಂತ ಬಾಲಕರು ಐದು ವರ್ಷಗಳ ಕಾಲ ಮುಖ್ಯೋಪಾಧ್ಯಾಯನ ಕೈಕೆಳಗೆ ವಿದ್ಯಾರ್ಥಿ-ಉಪಾಧ್ಯಾಯರಾಗಿದ್ದು, ವೇತನವನ್ನು ಪಡೆದು, ಶಾಲೆಯ ವೇಳೆಯ ಹೊರಗೆ ಅವನಿಂದ ತಾವೂ ಪಾಠ ಹೇಳಿಸಿಕೊಂಡು, ಬಳಿಕ ಶಿಕ್ಷಣಾಲಯವನ್ನು ಸೇರಬಹುದಾಯಿತು. ಕಲಿಸುತ್ತ ಕಲಿಯುವ ಹಳೆಯ ತತ್ತ್ವವು ಉಳಿಯಿತು. ಅದಕ್ಕೆ ವಿಷಯಜ್ಞಾನವೂ ವೇತನವೂ ಕೂಡಿದುವು.

೪

೧೮೫೪ನೆಯ ಜುಲೈ ೧೯ರ ವುಡ್ಡನ ಆಜ್ಞಾಪತ್ರವು ಈ ಇಂಗ್ಲಿಷ್ ಏರ್ಪಾಡನ್ನೇ ಹಿಂದೂದೇಶಕ್ಕೆ ಶಿಫಾರಸು ಮಾಡಿತು: ವಿದ್ಯಾರ್ಥಿ-ಉಪಾಧ್ಯಾಯರಿಗೆ ವೇತನ, ನಾರ್ಮಲ್ ಶಾಲೆಯಲ್ಲಿ ಶಿಕ್ಷಣ, ಪರೀಕ್ಷೆ, ಯೋಗ್ಯತಾಪತ್ರ, ಆಮೇಲೆ ನೌಕರಿ. ಹೀಗೆ ನಮ್ಮ ಕಡೆಯಿಂದ ಹೊರಟ ಒಂದು ಪದ್ಧತಿಯು ಅರ್ಧ ಶತಮಾನದ ಮೇಲೆ ಹೊಸ ಉಡುಪಿನಲ್ಲಿ ನಮ್ಮಲ್ಲಿಗೆ ಮರಳಿತು. ಹಳ್ಳಿಯ ಹಳೆಯ ಗುರುಗಳನ್ನು ಸಾಧ್ಯವಾದಷ್ಟು ಕಡೆಗಣಿಸದೆ, ಅವರನ್ನೇ ಶಿಕ್ಷಣಶಾಲೆಗಳಿಗೆ ಕರೆತರಬೇಕೆಂಬ ವಿವೇಕದ ಮಾತೂ ಆ ಪತ್ರದಲ್ಲಿದೆ. ೧೮೫೬ರಲ್ಲಿ ಮದರಾಸಿನ ನಾರ್ಮಲ್ ಶಾಲೆಯು ಪ್ರಾರಂಭವಾಯಿತು. ಮೈಸೂರಿನಲ್ಲಿ ವಿದ್ಯಾ ಇಲಾಖೆಯು ೧೮೫೭ರಲ್ಲಿ ಹುಟ್ಟಿತು, ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆಯು ೧೮೬೮ರಲ್ಲಿ ಮಂಜೂರಾದಾಗ ಹಳೆಯ ಹಳ್ಳಿಯ ಉಪಾಧ್ಯಾಯರನ್ನೇ ಆರಿಸಿ ತರಪೇತು ಕೊಡುವ ಕ್ರಮವನ್ನು ಅನುಸರಿಸಲಾಯಿತು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಸಂಗತಿಯು ಇನ್ನೂ ಗಹನವಾಗಿದ್ದಿತು. ಅಲ್ಲಿ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದುದರಿಂದ, ಕನ್ನಡದಲ್ಲಿ ಕಲಿಸಬಲ್ಲ ಉಪಾಧ್ಯಾಯರೂ ಕನ್ನಡ ಪಠ್ಯಗಳೂ ಏಕಕಾಲದಲ್ಲಿ ಸಿದ್ಧವಾಗಬೇಕಾಗಿದ್ದುವು. ವಿದ್ಯಾಧಿಕಾರಿ ರಸೆಲ್ಲರ ಬೆಂಬಲದಿಂದ ಈ ಭಾರವನ್ನು ಹೊತ್ತವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು (೧೮೩೪–೧೮೮೧). ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿದ್ದ ಅವರು ಉಪಾಧ್ಯಾಯರನ್ನು ತಯಾರಿಸುವುದರೊಡನೆ ಕಾಳಿದಾಸನ ಶಾಕುಂತಲವನ್ನೂ ಷೇಕ್ಸ್‌ಪಿಯರನ ಒಂದು ಪ್ರಹಸನವನ್ನೂ ಕನ್ನಡಕ್ಕೆ ತಂದರು. ೧೮೬೫ರಲ್ಲಿ ಅಲ್ಲಿ ಉಪಾಧ್ಯಾಯರಿಗಾಗಿ ಹೊರಟ ಪತ್ರಿಕೆಯ ಹೆಸರು ‘ಮಠಪತ್ರಿಕೆ’. ಸರ್ಕಾರದ ಶಾಲೆಯೂ ಆ ಕಾಲದ ಜನರ ಬಾಯಲ್ಲಿ ಮಠವೇ ಆಗಿತ್ತೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಹಾಗಾದರೆ ಕ್ಯಾಂಬೆಲ್ಲನು ಎತ್ತಿ ತೋರಿಸಿದ ಕೊರತೆ ನಾರ್ಮಲ್ ಶಾಲೆಯಿಂದ ನೀಗಿತೆ? ಇಲ್ಲಿ ಎರಡು ಪ್ರವಾಹಗಳನ್ನು ಬೇರ್ಪಡಿಸಿ ನೋಡಬೇಕು. ಕಾವ್ಯದ ಅರ್ಥವನ್ನು ಉಪಾಧ್ಯಾಯನಿಗೆ ನಿಲುಕಿಸಿದುದು ಮುಖ್ಯವಾಗಿ ಮುದ್ರಣ ಮತ್ತು ಗ್ರಂಥಸಂಪಾದನೆ. ಸ್ಯಾಂಡರ್ಸನ್ನರ ಜೈಮಿನಿ ಭಾರತ (೧೮೫೨), ಕಿಟ್ಟೆಲರ ಶಬ್ದಮಣಿದರ್ಪಣ (೧೮೭೨), ರೈಸರ ಕರ್ಣಾಟಕ ಭಾಷಾಭೂಷಣ (೧೮೮೪), ಕಿಟ್ಟೆಲರ ನಿಘಂಟು (೧೮೯೪) — ಇವು ಬಳ್ಳಾರಿಯ ಐಗಳಿಗೆ ದುರ್ಲಭವಾಗಿದ್ದ ಸಾಧನಗಳನ್ನೇ ಮುದ್ರಿಸಿ ಒದಗಿಸಿದುವು. ನಾರ್ಮಲ್ ಶಾಲೆಯಾದರೋ ವಿಷಯಜ್ಞಾನಕ್ಕೂ ಬೋಧನಕ್ರಮಕ್ಕೂ ಸಿಕ್ಕಿದ ಅಲ್ಪ ಕಾಲವನ್ನು ಹಂಚಬೇಕಾದ ಇಕ್ಕಟ್ಟಿನಲ್ಲಿ ಆರಂಭದಿಂದಲೂ ಸಿಲುಕಿತ್ತು. ೧೮೮೨ರ ಹಂಟರ್ ಆಯೋಗದ ಮುಂದೆ ಇದೇ ವಿವಾದ ಬಂದಿತು; ಬೋಧನೆಯ ತತ್ತ್ವ ಮತ್ತು ಪ್ರಯೋಗಗಳಲ್ಲಿ ಪರೀಕ್ಷೆಯಿರಬೇಕೆಂದೂ, ಪ್ರೌಢಶಾಲೆಯ ಖಾಯಂ ಕೆಲಸಕ್ಕೆ ಅದರಲ್ಲಿ ತೇರ್ಗಡೆಯಾಗಿರಬೇಕೆಂದೂ, ಪದವೀಧರರಿಗೆ ಈ ಶಿಕ್ಷಣದ ಅವಧಿ ಕಡಮೆಯಿರಬಹುದೆಂದೂ ಆಯೋಗವು ಸೂಚಿಸಿತು. ಪದವಿಯೇ ವಿಷಯಜ್ಞಾನಕ್ಕೆ ಪ್ರಮಾಣ, ಶಿಕ್ಷಣಾಲಯವು ಕಲಿಸಬೇಕಾದುದು ಕ್ರಮವನ್ನು ಮಾತ್ರ ಎಂಬ ವಿಭಾಗವು ಇಲ್ಲಿಂದ ಬಲಗೊಂಡಿತೆನ್ನಬಹುದು.

೫

ಈ ವಿಭಾಗವು ಆಡಳಿತಕ್ಕೆ ಅನುಕೂಲವಾದರೂ ಸಾಹಿತ್ಯದ ಪಾಠಕ್ಕೆ ಸಲ್ಲದು. ಹಳಗನ್ನಡದ ಒಂದು ಪದ್ಯವನ್ನು ಕಲಿಸುವ ಕ್ರಮವು ಆ ಪದ್ಯದ ಅನ್ವಯ, ಛಂದಸ್ಸು, ಪಾಠಾಂತರಗಳಿಂದ ಬೇರೆಯಾದುದಲ್ಲ. ಅರ್ಥವನ್ನು ಬಿಡಿಸುವುದೇ ಅಲ್ಲಿ ಕ್ರಮ. ಅರ್ಥವಿಲ್ಲದ ಕ್ರಮವು ಕ್ಯಾಂಬೆಲ್ಲನು ಕಂಡ ಗಿಳಿಪಾಠವನ್ನೇ ಹೊಸ ಹೆಸರಿನಿಂದ ಮುಂದುವರಿಸುತ್ತದೆ. ಅಂತೆಯೇ ಅಭ್ಯಾಸವಿಲ್ಲದ ಪಾಂಡಿತ್ಯವು ತರಗತಿಯಲ್ಲಿ ಮೂಕವಾಗುತ್ತದೆ. ೨೦೧೪ರಲ್ಲಿ ಹೊರಟ ರಾಷ್ಟ್ರೀಯ ಉಪಾಧ್ಯಾಯ ಶಿಕ್ಷಣ ಪರಿಷತ್ತಿನ ನಿಯಮಾವಳಿಯು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ಏರಿಸಿ, ಅದರಲ್ಲಿ ಇಪ್ಪತ್ತು ವಾರಗಳ ಶಾಲಾನುಭವವನ್ನು ವಿಧಿಸಿತು. ಕಲಿಸುತ್ತ ಕಲಿಯಬೇಕೆಂಬ ಕೂಲಿಮಠದ ತತ್ತ್ವವು ಇಲ್ಲಿ ಮತ್ತೊಮ್ಮೆ ಮನ್ನಣೆ ಪಡೆದಿದೆ. ಆದರೆ ಆ ವಾರಗಳಲ್ಲಿ ಹೊಸ ಉಪಾಧ್ಯಾಯನ ಮೇಲೆ ಬಲ್ಲವನೊಬ್ಬನ ಕಣ್ಣು ಇರದಿದ್ದರೆ ಲ್ಯಾಂಕ್ಯಾಸ್ಟರನ ಶಾಲೆಗೆ ಒದಗಿದ ಗತಿಯೇ ಇದಕ್ಕೂ ಒದಗುವುದು.

ಮನ್ರೋ ವೇತನವನ್ನೂ, ಕ್ಯಾಂಬೆಲ್ಲನು ಗ್ರಂಥಗಳನ್ನೂ, ಇಕ್ಕೇರಿಯ ದಾರಿಯ ಬಾಲಕರು ಪರಸ್ಪರ ಬೋಧನೆಯನ್ನೂ ನಮಗೆ ತೋರಿಸಿಕೊಟ್ಟಿದ್ದಾರೆ. ಉಪಾಧ್ಯಾಯರ ತಯಾರಿಗೆ ಈ ಮೂರೂ ಒಟ್ಟಿಗೆ ಬೇಕು. ಒಂದನ್ನು ಕೊಟ್ಟು ಇನ್ನೆರಡನ್ನು ಮರೆತ ಯೋಜನೆಗಳ ಫಲವು ನಮ್ಮ ನಾಡಿನ ಎರಡು ಶತಮಾನಗಳ ಚರಿತ್ರೆಯಲ್ಲಿ ಸ್ಪಷ್ಟವಾಗಿಯೇ ಇದೆ. ಕನ್ನಡದ ಪಾಠಶಾಲೆಗಳ ಈ ಚರಿತ್ರೆಗೆ ಜಿಲ್ಲಾ ಕಚೇರಿಗಳ ಕಡತಗಳೂ, ಹಳೆಯ ಮನೆತನಗಳಲ್ಲಿ ಉಳಿದಿರಬಹುದಾದ ಮಠಗಳ ಲೆಕ್ಕದ ಪುಸ್ತಕಗಳೂ ಮುಖ್ಯ ಸಾಮಗ್ರಿಯಾಗಬಲ್ಲುವು. ಅವನ್ನು ಶೋಧಿಸಿ ಪ್ರಕಟಿಸುವ ಕೆಲಸವನ್ನು ವಿದ್ವಾಂಸರೂ ಉಪಾಧ್ಯಾಯರೂ ಕೂಡಿ ಕೈಕೊಳ್ಳುವುದು ಯೋಗ್ಯವಾಗಿದೆ.