ಹುದ್ದೆ ಹೋಯ್ತು, ಅಡ್ಡಹೆಸರು ಉಳೀತು

ಇವತ್ತಿನ ಮಾತು ನಿಮ್ಮ ಆಧಾರ್ ಕಾರ್ಡ್‌ನಲ್ಲಿ ಕೊನೆಗೆ ಬರೋ ಒಂದು ಪದದ ಬಗ್ಗೆ. ನಮ್ಮ ಉತ್ತರ ಕರ್ನಾಟಕದ ಕಡೆ ಅದಕ್ಕೆ ಅಡ್ಡಹೆಸರು ಅಂತೀವಿ. ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿ, ತಳವಾರ, ಓಲೇಕಾರ. ಇವೆಲ್ಲ ಮನೆತನದ ಹೆಸರು ಅಂತ ನಾವು ಅಂದ್ಕೊಂಡಿದೀವಿ. ನಿಜ ಹೇಳ್ಬೇಕಂದ್ರೆ, ಇವು ಹುದ್ದೆಯ ಹೆಸರುಗಳು.

ಹಿಂದೆ ಹತ್ತಾರು ಹಳ್ಳಿ ಸೇರಿದ್ರೆ ಒಂದು ಪರಗಣ. ಅದರ ಮುಖ್ಯಸ್ಥ ದೇಸಾಯಿ, ಲೆಕ್ಕ ನೋಡೋನು ದೇಶಪಾಂಡೆ. ಹಳ್ಳಿ ಮಟ್ಟಕ್ಕೆ ಬಂದ್ರೆ, ಕಂದಾಯ ವಸೂಲಿ ಮಾಡೋನು ಪಾಟೀಲ, ದಫ್ತರ ಬರೆಯೋನು ಕುಲಕರ್ಣಿ, ಊರು ಕಾಯೋನು ತಳವಾರ, ಓಲೆ ಒಯ್ಯೋನು ಓಲೇಕಾರ. ಹೆಸರಲ್ಲೇ ಓಲೆ ಇದೆ ನೋಡಿ!

ಇವರಿಗೆ ಸಂಬಳ? ಮುಖ್ಯವಾಗಿ ಜಮೀನು. ಇದೇ ವತನ. ಹುದ್ದೆ ಅಪ್ಪನಿಂದ ಮಗನಿಗೆ, ಅದರ ಜೊತೆ ಹೊಲವೂ ಮಗನಿಗೆ. ನಾನು ಓದಿದ್ದು ಕಾಮರ್ಸ್, ಹಾಗಾಗಿ ಇದನ್ನ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ: ಇಲ್ಲಿ ಕೆಲಸವೇ ಒಂದು ಆಸ್ತಿ. ವಿಜಯಪುರದ ಆದಿಲ್‌ಶಾಹಿ ಹೋಯ್ತು, ಮರಾಠರು ಬಂದ್ರು, ಆಮೇಲೆ ಬ್ರಿಟಿಷರು. ಮೇಲಿನವರು ಬದಲಾದ್ರೂ ಹಳ್ಳಿಯ ದಫ್ತರ ಮಾತ್ರ ಹೆಚ್ಚಾಗಿ ಅದೇ ಮನೆಗಳಲ್ಲಿ ಉಳೀತು.

ಹಳೇ ಮೈಸೂರಿನಲ್ಲೂ ಶಾನುಭೋಗ, ಪಟೇಲ ಇದ್ರು. ಆದ್ರೆ ಅಲ್ಲಿ ಬಹಳ ಜನ ಊರು ಮತ್ತು ಅಪ್ಪನ ಹೆಸರನ್ನ ಇನಿಷಿಯಲ್ ಮಾಡ್ಕೊಂಡ್ರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದ್ರೆ ನಮ್ಮ ಕುವೆಂಪು. ಅಲ್ಲಿ ಕುಪ್ಪಳಿ ಊರು, ವೆಂಕಟಪ್ಪ ತಂದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಧಾರವಾಡ, ಬೆಳಗಾವಿ, ವಿಜಯಪುರ ಇನ್ನೂ ಮುಂಬೈ ರಾಜ್ಯದಲ್ಲಿದ್ದಾಗ, 1950ರ ಕಾಯ್ದೆ ಪರಗಣ ಮತ್ತು ಕುಲಕರ್ಣಿ ವತನಗಳನ್ನ ರದ್ದು ಮಾಡಿತು. ಉಳಿದ ಗ್ರಾಮ ಹುದ್ದೆಗಳ ವಂಶಪಾರಂಪರ್ಯ ಹಕ್ಕನ್ನ ರದ್ದು ಮಾಡಿದ್ದು ಮೈಸೂರು ರಾಜ್ಯದ 1961ರ ಕಾಯ್ದೆ. ಅದು 1963ರಲ್ಲಿ ಜಾರಿಗೆ ಬಂತು. ಕುಲಕರ್ಣಿ ಮಾಡ್ತಿದ್ದ ಕೆಲಸ ಸರ್ಕಾರಿ ನೌಕರಿ ಆಯ್ತು. ಜನ ತಲಾಠಿ ಅಂತಿದ್ರು, ಕಾಗದದಲ್ಲಿ ಗ್ರಾಮ ಲೆಕ್ಕಿಗ, ಈಗ ಗ್ರಾಮ ಆಡಳಿತ ಅಧಿಕಾರಿ. ಒಂದು ಕಾಲಕ್ಕೆ ಒಂದೇ ಮನೆಯ ಮಗನಿಗೆ ಮೀಸಲಾಗಿದ್ದ ಆ ಕುರ್ಚಿಗೆ ಇವತ್ತು ತಳವಾರರ ಮಗಳೂ ಪರೀಕ್ಷೆ ಬರೆದು ಕೂರಬಹುದು. ನನ್ನ ಪ್ರಕಾರ ಇದು ಸಣ್ಣ ಬದಲಾವಣೆ ಅಲ್ಲವೇ ಅಲ್ಲ.

ಆದ್ರೆ ಹೆಸರಿನ ತೂಕ ಹೋಗಿಲ್ಲ. ದೇಸಾಯಿ ಅಂದ್ರೆ ಕಣ್ಣ ಮುಂದೆ ವಾಡೆ ಬರುತ್ತೆ. ತಳವಾರ ಅಂದ್ರೆ ಕೇಳಿದವರು ಒಂದು ಕ್ಷಣ ಸುಮ್ಮನಾಗ್ತಾರೆ. ಇಬ್ಬರೂ ಒಂದೇ ವ್ಯವಸ್ಥೆಯ ಸೇವಕರೇ. ಒಬ್ಬರ ವತನ ದೊಡ್ಡದು, ಇನ್ನೊಬ್ಬರದ್ದು ಸಣ್ಣದು, ಅಷ್ಟೇ. ಬಾಡಿಗೆ ಮನೆ ಕೇಳೋಕೆ ಹೋದಾಗ "ನಿಮ್ಮ ಅಡ್ಡಹೆಸರೇನ್ರಿ?" ಅಂತ ಕೇಳಿದ್ರೆ, ಅದು ಬರೀ ಹೆಸರಿನ ಪ್ರಶ್ನೆ ಅಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ತಮಾಷೆ ಏನಂದ್ರೆ, ಆ ಲೆಕ್ಕಾಚಾರವೂ ತಪ್ಪುತ್ತೆ. ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ಮುಸ್ಲಿಮರೂ ಇದ್ದಾರೆ. ದೇಸಾಯಿ, ಇನಾಮದಾರ ಕೂಡ ಹಾಗೇ. ಅಡ್ಡಹೆಸರು ಹೇಳೋದು ಮುತ್ತಜ್ಜನ ಕೆಲಸವನ್ನ. ನಿಮ್ಮ ಯೋಗ್ಯತೆ ಅದರಲ್ಲಿ ಬರೆದಿರಲ್ಲ.

ಈ ವಾರ ಒಂದು ಕೆಲಸ ಮಾಡಿ. ಮನೇಲಿ ಅಜ್ಜ, ಅಜ್ಜಿ ಇದ್ರೆ ಕೇಳಿ: ಈ ಹೆಸರು ನಮಗೆ ಯಾಕೆ ಬಂತು, ಅದರ ಜೊತೆ ಹೊಲ ಇತ್ತಾ, ಆ ಹೊಲ ಈಗ ಯಾರ ಹತ್ರ ಇದೆ? ಹಳೇ ಉತಾರ ಸಿಕ್ಕಿದ್ರೆ ತೆಗೆದು ನೋಡಿ. ಅವರು ಹೇಳೋದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಮುಂದಿನ ವಾರ ಸಿಗೋಣ.