ಕಾಳಿಯ ಕಲ್ಲು, ಗಿನೆಫೋರನ ತೋಪು

ಮನೆಯ ಬಾಗಿಲಲ್ಲಿ ಮಲಗಿರುವ ನಾಯಿಯು ಯಜಮಾನನ ಸ್ವಭಾವವನ್ನು ಅವನ ನೆರೆಹೊರೆಯವರಿಗಿಂತ ಚೆನ್ನಾಗಿ ಬಲ್ಲದು. ಆದರೆ ಬರೆದಿಡುವ ಕೆಲಸ ಮನುಷ್ಯನದು. ನಾಯಿಯನ್ನು ಕುರಿತು ಬರೆಯುವಾಗ ಅವನು ತನಗರಿವಿಲ್ಲದೆಯೇ ತನ್ನ ಗುಣವನ್ನೂ ಅವಗುಣವನ್ನೂ ಹೊರಗೆಡಹುತ್ತಾನೆ. ಇದಕ್ಕೆ ಇತಿಹಾಸದಿಂದ ಎರಡು ಪ್ರಸಂಗಗಳನ್ನು ವಾಚಕರ ಮುಂದಿಡಬಯಸುತ್ತೇನೆ. ಒಂದು ನಮ್ಮ ನಾಡಿನದು, ಇನ್ನೊಂದು ಫ್ರಾನ್ಸ್ ದೇಶದ್ದು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಗ್ರಾಮವಿದೆ. ಅಲ್ಲಿ ದೊರೆತ ಹಳಗನ್ನಡದ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದನ್ನೂ, ಅವನ ಪರವಾಗಿ ಕಾದಿದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದದ್ದನ್ನೂ ಅದು ತಿಳಿಸುತ್ತದೆ. ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಮೊದಲಾದ ವಿಶಾಲ ನಾಡುಗಳು ಉಡುಗೊರೆಯಾಗಿ ದೊರೆತವು. ಇಷ್ಟೆಲ್ಲವನ್ನೂ ಹೇಳುವ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ಮಾತ್ರ ರಾಜನದಲ್ಲ, ಆನೆಯದಲ್ಲ. ಹಂದಿಯೊಡನೆ ಹೋರಾಡುತ್ತಿರುವ ಒಂದು ನಾಯಿಯದು.

ಬೂತುಗನ ಸೇವಕನಾಗಿದ್ದ ಮಣಲೆರನೆಂಬ ವೀರನ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನಂತೆ. ನಾಡುಗಳೇ ಹಂಚಿಹೋಗುತ್ತಿದ್ದ ಆ ಹೊತ್ತಿನಲ್ಲಿ ಮಣಲೆರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ಹಿರಿದಾದ ಹಂದಿಯೊಂದರ ಮೇಲೆ ಬಿಡಲಾಯಿತು. ಎರಡೂ ಪರಸ್ಪರ ಹೋರಾಡಿ ಜೊತೆಯಲ್ಲಿಯೇ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನು ಬಿಟ್ಟನು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವು ಬರಲಿ ಎಂಬ ಶಾಪೋಕ್ತಿಯೂ ಅದರಲ್ಲಿದೆ.

ಈ ಶಾಪದ ಮುಂದೆ ನನ್ನ ಓದು ನಿಂತುಬಿಡುತ್ತದೆ. ಆ ನಾಯಿ ಮಾಡಿದ ಪಾಪವಾದರೂ ಯಾವುದು? ಗುಡ್ಡಕ್ಕೆ ಅದನ್ನು ಒಯ್ದವನು ಮನುಷ್ಯ, ಹಂದಿಯ ಮೇಲೆ ಬಿಟ್ಟವನೂ ಮನುಷ್ಯ. ಕೊಂದ ಪಾಪವನ್ನು ಮಾತ್ರ ನಾಯಿಯ ಲೆಕ್ಕಕ್ಕೆ ಬರೆಯಲಾಗಿದೆ. ಅದೇ ಕಲ್ಲು ನಾಯಿಗೆ ಪೂಜೆಯನ್ನೂ ಕಟ್ಟಳೆ ಮಾಡುತ್ತದೆ. ಪ್ರೀತಿಸುವುದು, ಹಾಗೆಯೇ ಹೊರೆಯನ್ನು ಹೊರಿಸುವುದು, ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಮಾಡಬಲ್ಲೆವು. ಅಂದಹಾಗೆ, ಬೂತುಗನು ರಾಜಾದಿತ್ಯನನ್ನು ವಂಚನೆಯಿಂದ ಕೊಂದನೆಂದೇ ಈ ಶಾಸನವನ್ನು ಮೊದಲು ಓದಿದ ವಿದ್ವಾಂಸರು ಅರ್ಥಮಾಡಿದ್ದರು. ಆನೆಯ ಮೇಲಣ ಅಂಬಾರಿಯನ್ನೇ ರಣಭೂಮಿಯಾಗಿ ಮಾಡಿಕೊಂಡು ಕೊಂದನೆಂಬ ಓದು ಆಮೇಲೆ ಬಂದಿತು. ಕಾಳಿಯ ಶೌರ್ಯದ ಬಗ್ಗೆ ಇಂತಹ ಅನುಮಾನ ಯಾರಿಗೂ ಬಂದಿಲ್ಲ.

ಇನ್ನು ಎರಡನೆಯ ಪ್ರಸಂಗ. ಸುಮಾರು 1250ರ ವೇಳೆಗೆ ಬೂರ್ಬೊನಿನ ಸ್ತೆಫಾನ ಎಂಬ ಡೊಮಿನಿಕನ್ ಸಭೆಯ ಗುರುವು ಲಿಯೋನ್ ಧರ್ಮಪ್ರಾಂತ್ಯದಲ್ಲಿ ಬೋಧನೆ ಮಾಡುತ್ತಾ ಪಾಪನಿವೇದನೆಗಳನ್ನು ಕೇಳುತ್ತಿದ್ದರು. ಅನೇಕ ಸ್ತ್ರೀಯರು ತಮ್ಮ ಮಕ್ಕಳನ್ನು ಸಂತ ಗಿನೆಫೋರನ ಬಳಿಗೆ ಒಯ್ದುದಾಗಿ ಹೇಳಿದರು. ಯಾರೋ ಪುಣ್ಯಪುರುಷನಿರಬೇಕೆಂದು ಗುರುಗಳು ವಿಚಾರಿಸಿದರೆ, ಗಿನೆಫೋರನು ಒಂದು ಬೇಟೆನಾಯಿ!

ಜನರು ಹೇಳಿದ ಕಥೆ ಹೀಗಿತ್ತು. ಒಬ್ಬ ಪ್ರಭುವಿನ ಕೋಟೆಮನೆಯಲ್ಲಿ ದೊಡ್ಡವರಿಲ್ಲದ ವೇಳೆ ಹಾವೊಂದು ಮಗುವಿನ ತೊಟ್ಟಿಲ ಬಳಿಗೆ ಬಂದಿತು. ನಾಯಿಯು ಅದರೊಡನೆ ಹೋರಾಡಿ ಕೊಂದಿತು, ತೊಟ್ಟಿಲು ಮಗುಚಿಬಿತ್ತು. ಹಿಂದಿರುಗಿದ ದಾದಿಯು ರಕ್ತಸಿಕ್ತವಾದ ನಾಯಿಯ ಬಾಯಿಯನ್ನು ಕಂಡು ಚೀರಿದಳು. ತಾಯಿಯೂ ಚೀರಿದಳು. ಪ್ರಭುವು ಕತ್ತಿಯನ್ನು ಹಿರಿದು ನಾಯಿಯನ್ನು ಕೊಂದನು. ಬಳಿಕ ನೋಡಿದರೆ ಮಗು ಸುಖವಾಗಿ ನಿದ್ರಿಸುತ್ತಿತ್ತು, ಪಕ್ಕದಲ್ಲಿ ಹಾವಿನ ಚೂರುಗಳಿದ್ದವು. ಮನನೊಂದ ಅವರು ನಾಯಿಯ ದೇಹವನ್ನು ಬಾವಿಗಿಳಿಸಿ, ಕಲ್ಲು ಪೇರಿಸಿ, ಸುತ್ತಲೂ ಮರಗಳನ್ನು ನೆಟ್ಟರು.

ಈ ಕಥೆ ನಮಗೆ ಪರಕೀಯವಲ್ಲ. ಪಂಚತಂತ್ರದ ಮುಂಗುಸಿಯ ಕಥೆಯೇ ಪಹ್ಲವಿ, ಅರಬ್ಬಿ ಭಾಷೆಗಳ ಮೂಲಕ ಪಶ್ಚಿಮಕ್ಕೆ ಸಾಗಿ ಹೋಗಿದೆ. ದಾರಿಯಲ್ಲಿ ಮುಂಗುಸಿ ನಾಯಿಯಾಯಿತು. ಬದಲಾಗದೆ ಉಳಿದದ್ದು, ರಕ್ತವನ್ನು ನೋಡಿದೊಡನೆ ತೀರ್ಪು ಕೊಡುವ ಮನುಷ್ಯ. ತೊಟ್ಟಿಲನ್ನು ಎತ್ತಿ ನೋಡಲು ಒಂದು ನಿಮಿಷ ಸಾಕಾಗಿತ್ತು.

ಸ್ತೆಫಾನರು ಕೋಪಗೊಂಡದ್ದಕ್ಕೆ ನಾಯಿಯ ಪೂಜೆಯೊಂದೇ ಕಾರಣವಲ್ಲ. ಕಾಯಿಲೆಯ ಮಗುವನ್ನು ತಾಯಂದಿರು ಆ ತೋಪಿಗೆ ಒಯ್ದು, ಉಪ್ಪನ್ನು ಅರ್ಪಿಸಿ, ಎರಡು ಮರಗಳ ನಡುವೆ ಒಂಬತ್ತು ಸಲ ಆಚೀಚೆ ದಾಟಿಸುತ್ತಿದ್ದರು. ಈ ಬಡಕಲು ಶಿಶು ತಮ್ಮದಲ್ಲ, ವನದೇವತೆಗಳು ಬದಲಿಸಿ ಇಟ್ಟದ್ದು. ಇದನ್ನು ಒಯ್ದು ತಮ್ಮ ಮಗುವನ್ನು ಕೊಡಲಿ ಎಂಬುದು ಅವರ ಮೊರೆ. ಮಗುವನ್ನು ಬೆತ್ತಲೆಯಾಗಿ ಹುಲ್ಲಿನ ಮೇಲೆ ಮಲಗಿಸಿ, ತಲೆಯ ಬಳಿ ಮೇಣದ ಬತ್ತಿಗಳನ್ನು ಹಚ್ಚಿ, ಅಳು ಕೇಳಿಸದಷ್ಟು ದೂರ ಹೋಗಿ ನಿಲ್ಲುತ್ತಿದ್ದರು. ಹಲವು ಶಿಶುಗಳು ಬತ್ತಿಯ ಬೆಂಕಿಗೆ ಸುಟ್ಟು ಸತ್ತವೆಂದು ಗುರುಗಳು ಬರೆದಿದ್ದಾರೆ. ಮಗುವನ್ನು ಕಾಪಾಡಿ ಸತ್ತ ನಾಯಿಯ ಸಮಾಧಿಯ ಬಳಿಯಲ್ಲಿಯೇ ಮಕ್ಕಳು ಹೀಗೆ ಸತ್ತರು. ಆ ತಾಯಂದಿರನ್ನು ಕ್ರೂರಿಗಳೆನ್ನಲು ನನ್ನ ನಾಲಗೆ ಏಳುವುದಿಲ್ಲ. ವೈದ್ಯನಿಲ್ಲದ ಹಳ್ಳಿಯಲ್ಲಿ, ದಿನದಿನಕ್ಕೂ ಸೊರಗುವ ಕೂಸನ್ನು ಮಡಿಲಲ್ಲಿಟ್ಟುಕೊಂಡವಳಿಗೆ ಇದು ತನ್ನ ಮಗುವಲ್ಲ ಎಂದು ನಂಬುವುದೂ ಒಂದು ಸಾಂತ್ವನವಾಗಿದ್ದಿರಬೇಕು. ಗುರುಗಳ ಕೋಪವೂ ಅಷ್ಟೇ ನ್ಯಾಯವಾದದ್ದು.

ಅವರು ನಾಯಿಯ ಎಲುಬುಗಳನ್ನು ಅಗೆಸಿ, ತೋಪನ್ನು ಕಡಿಸಿ, ಎರಡನ್ನೂ ಒಟ್ಟಿಗೆ ಸುಡಿಸಿದರು. ಅಲ್ಲಿಗೆ ಹೋಗುವವರ ಆಸ್ತಿಯನ್ನು ಮುಟ್ಟುಗೋಲು ಹಾಕುವಂತೆ ಆ ಪ್ರದೇಶದ ಪ್ರಭುಗಳಿಂದ ಆಜ್ಞೆಯನ್ನೂ ಹೊರಡಿಸಿದರು. 1979ರಲ್ಲಿ ಈ ವಿಷಯವಾಗಿ ಗ್ರಂಥ ಬರೆದ ಫ್ರೆಂಚ್ ಇತಿಹಾಸಕಾರ ಜಾನ್-ಕ್ಲೋಡ್ ಶ್ಮಿತ್ ಅವರು ಹಳೆಯ ದಾಖಲೆಗಳನ್ನು ಹಿಡಿದು ಆ ಸ್ಥಳವನ್ನು ಹುಡುಕಿದರು. ಆರು ಶತಮಾನಗಳು ಕಳೆದ ಮೇಲೆ, 19ನೆಯ ಶತಮಾನದ ಕೊನೆಯಲ್ಲಿಯೂ, ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಆ ಕಾಡಿಗೆ ಬರುತ್ತಿದ್ದರು.