ಪೆಟ್ರೋಲ್ ಕಾರುಗಳ ಆಕ್ಸಿಜನ್ ಸೆನ್ಸರ್: ಪರೀಕ್ಷೆ ಮತ್ತು ಬದಲಾವಣೆ ಕುರಿತು ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ವಾಯುಮಾಲಿನ್ಯ ತಪಾಸಣೆಯಲ್ಲಿ ತೇರ್ಗಡೆಯಾಗದ ಪೆಟ್ರೋಲ್ ಕಾರುಗಳಲ್ಲಿ ಮೊದಲು ಬದಲಾಯಿಸಲ್ಪಡುವ ಬಿಡಿಭಾಗಗಳ ಪೈಕಿ ಆಕ್ಸಿಜನ್ ಸೆನ್ಸರ್ ಒಂದಾಗಿರುತ್ತದೆ. ಇದು ಹೆಚ್ಚಿನ ಬೆಲೆಯ ಬಿಡಿಭಾಗವಾಗಿದ್ದು, ಬದಲಾಯಿಸಿದ ನಂತರವೂ ವಾಹನವು ತೇರ್ಗಡೆಯಾಗದಿದ್ದಲ್ಲಿ ಮಾಲೀಕರಿಗೆ ಹಣವೂ ಸಮಯವೂ ನಷ್ಟವಾಗುತ್ತವೆ. ಸದರಿ ಸೆನ್ಸರ್ ಎಂಜಿನ್ನಿನ ಸ್ಥಿತಿಯನ್ನು ವರದಿ ಮಾಡುವ ಉಪಕರಣವಾಗಿದೆ. ಅದು ವರದಿ ಮಾಡಿದ ದೋಷವು ಅದರಲ್ಲಿಯೇ ಇರಬೇಕೆಂದಿಲ್ಲ. ಆದ್ದರಿಂದ ಮೊದಲು ಪರೀಕ್ಷಿಸಿ, ದೋಷ ದೃಢಪಟ್ಟಲ್ಲಿ ಮಾತ್ರ ಬದಲಾಯಿಸುವುದು ಸೂಕ್ತ. ಈ ಬಗ್ಗೆ ಅವಶ್ಯಕ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

1. ಆಕ್ಸಿಜನ್ ಸೆನ್ಸರ್ ಎಂದರೇನು?

ಎಂಜಿನ್‌ನಿಂದ ಹೊರಬರುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನು ಅಳೆಯುವ ಸಾಧನವೇ ಆಕ್ಸಿಜನ್ ಸೆನ್ಸರ್. ಇದನ್ನು ಲ್ಯಾಂಬ್ಡಾ ಸೆನ್ಸರ್ ಎಂದೂ ಕರೆಯಲಾಗುತ್ತದೆ. ಜರ್ಮನಿಯ ಬಾಷ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಈ ಸಾಧನವನ್ನು 1976ರಲ್ಲಿ ಮೊದಲ ಬಾರಿಗೆ ವೋಲ್ವೋ ಕಾರುಗಳಲ್ಲಿ ಅಳವಡಿಸಲಾಯಿತು.

ಇದರ ತುದಿಯಲ್ಲಿ ಪ್ಲಾಟಿನಂ ಲೇಪಿತ ಜಿರ್ಕೋನಿಯಾ ಪಿಂಗಾಣಿಯ ಭಾಗವಿದ್ದು, ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದಾಗ ಮಾತ್ರ ಕೆಲಸ ಮಾಡುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾಗಿದ್ದಲ್ಲಿ ಸುಮಾರು 0.1 ವೋಲ್ಟ್, ಕಡಿಮೆ ಇದ್ದಲ್ಲಿ ಸುಮಾರು 0.9 ವೋಲ್ಟ್ ಸಂಕೇತವನ್ನು ನೀಡುತ್ತದೆ. ಸದರಿ ಸಂಕೇತವನ್ನು ಆಧರಿಸಿ ಎಂಜಿನ್ ಕಂಪ್ಯೂಟರ್ ಪೆಟ್ರೋಲ್ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಶುದ್ಧ ಪೆಟ್ರೋಲ್ ಸಂಪೂರ್ಣವಾಗಿ ದಹಿಸಲು ತೂಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ಎಥನಾಲ್ ಬೆರೆತ ಪೆಟ್ರೋಲಿಗೆ ಇದಕ್ಕಿಂತ ಕಡಿಮೆ ಗಾಳಿ ಸಾಕು. ಯಾವುದೇ ಇಂಧನವಾದರೂ ಅದಕ್ಕೆ ಸರಿಯಾದ ಮಿಶ್ರಣವನ್ನು ಲ್ಯಾಂಬ್ಡಾ 1 ಎಂದು ಗುರುತಿಸಲಾಗುತ್ತದೆ. ಪೆಟ್ರೋಲ್ ಹೆಚ್ಚಾದಲ್ಲಿ ಲ್ಯಾಂಬ್ಡಾ 1ಕ್ಕಿಂತ ಕಡಿಮೆಯಾಗಿಯೂ, ಗಾಳಿ ಹೆಚ್ಚಾದಲ್ಲಿ 1ಕ್ಕಿಂತ ಹೆಚ್ಚಾಗಿಯೂ ಇರುತ್ತದೆ.

ಸಾಮಾನ್ಯವಾಗಿ ಒಂದು ಸೆನ್ಸರ್ ಕೆಟಲಿಟಿಕ್ ಕನ್ವರ್ಟರ್‌ಗೆ ಮುಂಚೆ, ಇನ್ನೊಂದು ಅದರ ನಂತರ ಇರುತ್ತದೆ. ಮೊದಲನೆಯದು ಮಿಶ್ರಣವನ್ನು ನಿಯಂತ್ರಿಸಲು ನೆರವಾಗುತ್ತದೆ. ಎರಡನೆಯದು ಕನ್ವರ್ಟರ್ ಸರಿಯಾಗಿದೆಯೇ ಎಂಬುದನ್ನು ಗಮನಿಸುತ್ತದೆ.

2. ಅನ್ವಯವಾಗುವ ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರನ್ವಯ, ಮೊದಲ ನೋಂದಣಿಯಾಗಿ ಒಂದು ವರ್ಷ ಕಳೆದ ವಾಹನಗಳು ಚಾಲ್ತಿಯಲ್ಲಿರುವ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರವನ್ನು ಹೊಂದಿರತಕ್ಕದ್ದು. ಸಾರ್ವಜನಿಕರು ಇದನ್ನು ಎಮಿಷನ್ ಸರ್ಟಿಫಿಕೇಟ್ ಎಂದು ಕರೆಯುತ್ತಾರೆ. ಪೆಟ್ರೋಲ್ ಕಾರುಗಳಿಗೆ ನಿಗದಿಪಡಿಸಿದ ಮಿತಿಗಳು ಕೆಳಕಂಡಂತಿವೆ:

ಅ) ಭಾರತ್ ಸ್ಟೇಜ್ 2 ಮತ್ತು 3: ಐಡ್ಲಿಂಗ್ ಸ್ಥಿತಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.5, ಹೈಡ್ರೋಕಾರ್ಬನ್ 750 ಪಿ.ಪಿ.ಎಂ.

ಆ) ಭಾರತ್ ಸ್ಟೇಜ್ 4 ಮತ್ತು 6: ಐಡ್ಲಿಂಗ್ ಸ್ಥಿತಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿ.ಪಿ.ಎಂ. ಇದಲ್ಲದೆ ನಿಮಿಷಕ್ಕೆ 2500 ಸುತ್ತುಗಳ ವೇಗದಲ್ಲಿ, 200 ಸುತ್ತು ಹೆಚ್ಚು ಅಥವಾ ಕಡಿಮೆ ಇರಬಹುದಾಗಿದ್ದು, ಕಾರ್ಬನ್ ಮಾನಾಕ್ಸೈಡ್ ಶೇ. 0.2 ಹಾಗೂ ಲ್ಯಾಂಬ್ಡಾ 0.97ರಿಂದ 1.03ರ ಒಳಗಿರತಕ್ಕದ್ದು.

ಭಾರತ್ ಸ್ಟೇಜ್ 4 ಮಾನದಂಡವು ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ 2010ರಲ್ಲಿ, ದೇಶಾದ್ಯಂತ 2017ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಭಾರತ್ ಸ್ಟೇಜ್ 6 ದಿನಾಂಕ 1-4-2020ರಿಂದ ಜಾರಿಯಲ್ಲಿದೆ.

ಮಿತಿಗಳನ್ನು ಉಲ್ಲಂಘಿಸಿದಲ್ಲಿ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಅಧಿನಿಯಮ, 1988ರ ಪ್ರಕರಣ 190(2)ರನ್ವಯ ರೂ. 10,000ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಕಾರಾಗೃಹವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿರುತ್ತದೆ.

3. ನಿರಾಕರಣೆ ಚೀಟಿಯನ್ನು ಓದುವ ವಿಧಾನ

ವಾಹನವು ತೇರ್ಗಡೆಯಾಗದಿದ್ದಲ್ಲಿ ತಪಾಸಣಾ ಕೇಂದ್ರದಿಂದ ನಿರಾಕರಣೆ ಚೀಟಿ ನೀಡುವ ವ್ಯವಸ್ಥೆಯನ್ನು 2021ರಲ್ಲಿ ಜಾರಿಗೆ ತರಲಾಗಿದೆ. ಈ ಚೀಟಿಯನ್ನು ತಪ್ಪದೇ ಕೇಳಿ ಪಡೆದು ಗ್ಯಾರೇಜಿಗೆ ಕೊಂಡೊಯ್ಯುವುದು. ಕೇಂದ್ರದ ಯಂತ್ರದ ಬಗ್ಗೆ ಸಂದೇಹವಿದ್ದಲ್ಲಿ ಇದರೊಂದಿಗೆ ಬೇರೆ ಕೇಂದ್ರದಲ್ಲಿಯೂ ತಪಾಸಣೆ ಮಾಡಿಸಬಹುದು. ಅದರಲ್ಲಿನ ಅಂಕಿಗಳಿಂದ ದೋಷದ ದಿಕ್ಕನ್ನು ಹೀಗೆ ತಿಳಿಯಬಹುದಾಗಿದೆ:

ಅ) ಕಾರ್ಬನ್ ಮಾನಾಕ್ಸೈಡ್ ಹೆಚ್ಚು, ಲ್ಯಾಂಬ್ಡಾ 0.97ಕ್ಕಿಂತ ಕಡಿಮೆ: ಪೆಟ್ರೋಲ್ ಅಧಿಕವಾಗಿ ಹರಿಯುತ್ತಿದೆ. ಸೆನ್ಸರ್, ಸೋರುವ ಇಂಜೆಕ್ಟರ್ ಅಥವಾ ಇಂಧನ ಒತ್ತಡದ ದೋಷವಿರಬಹುದು.

ಆ) ಕಾರ್ಬನ್ ಮಾನಾಕ್ಸೈಡ್ ಕಡಿಮೆ, ಲ್ಯಾಂಬ್ಡಾ 1.03ಕ್ಕಿಂತ ಹೆಚ್ಚು: ಸೈಲೆನ್ಸರ್ ಕೊಳವೆಯಲ್ಲಿ ರಂಧ್ರ, ಎಂಜಿನ್ನಿಗೆ ಗಾಳಿ ಸೋರಿಕೆ, ಅಥವಾ ತಪಾಸಣಾ ನಳಿಕೆಯನ್ನು ಸಾಕಷ್ಟು ಒಳಗೆ ಇಡದಿರುವುದು ಕಾರಣವಿರಬಹುದು.

ಇ) ಲ್ಯಾಂಬ್ಡಾ ಸರಿಯಾಗಿದ್ದು ಕಾರ್ಬನ್ ಮಾನಾಕ್ಸೈಡ್ ಹೆಚ್ಚು: ಕೆಟಲಿಟಿಕ್ ಕನ್ವರ್ಟರ್ ದುರ್ಬಲವಾಗಿರುವ ಅಥವಾ ಇನ್ನೂ ಬಿಸಿಯಾಗದಿರುವ ಸಂಭವ ಹೆಚ್ಚು.

ಈ) ಹೈಡ್ರೋಕಾರ್ಬನ್ ಮಾತ್ರ ಹೆಚ್ಚು: ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ದೋಷವನ್ನು ಮೊದಲು ಪರಿಶೀಲಿಸುವುದು.

ಮೇಲ್ಕಂಡ ನಾಲ್ಕರಲ್ಲಿ ಮೊದಲನೆಯ ಸಂದರ್ಭದಲ್ಲಿ ಮಾತ್ರ ಸೆನ್ಸರ್ ಮೇಲೆ ನೇರ ಸಂದೇಹ ಬರುತ್ತದೆ ಎಂಬುದನ್ನು ಗಮನಿಸುವುದು.

4. ಪರೀಕ್ಷಾ ವಿಧಾನ

ಪರೀಕ್ಷೆಯನ್ನು ಅನುಭವವುಳ್ಳ ಮೆಕ್ಯಾನಿಕ್ ಮುಖಾಂತರ, ಗಾಳಿಯಾಡುವ ಸ್ಥಳದಲ್ಲಿ ಮಾಡಿಸತಕ್ಕದ್ದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟಲ್ಲಿ ಕಾರ್ಬನ್ ಮಾನಾಕ್ಸೈಡ್‌ನಿಂದ ಪ್ರಾಣಾಪಾಯ ಸಂಭವಿಸಬಹುದು.

ಅ) ಸ್ಕ್ಯಾನರ್‌ನಿಂದ ದೋಷ ಸಂಖ್ಯೆಗಳನ್ನು ಓದಿ ಬರೆದುಕೊಳ್ಳುವುದು. ಬರೆದುಕೊಳ್ಳುವ ಮುನ್ನ ಅಳಿಸಬಾರದು. ಪಿ 0135 ಎಂಬುದು ಮೊದಲ ಸೆನ್ಸರ್‌ನ ಹೀಟರ್ ದೋಷವನ್ನು, ಪಿ 0133 ಅದರ ನಿಧಾನ ಪ್ರತಿಕ್ರಿಯೆಯನ್ನು ಸೂಚಿಸುತ್ತದೆ. ಪಿ 0171 ಮತ್ತು ಪಿ 0172 ಮಿಶ್ರಣದ ದೋಷವನ್ನು, ಪಿ 0420 ಕನ್ವರ್ಟರ್ ದಕ್ಷತೆಯ ಕೊರತೆಯನ್ನು ತಿಳಿಸುತ್ತವೆ. ಕೊನೆಯ ಮೂರು ಸಂಖ್ಯೆಗಳು ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸತಕ್ಕದ್ದಲ್ಲ.

ಆ) ಸೆನ್ಸರ್‌ನ ವೈರು, ಕನೆಕ್ಟರ್, ಫ್ಯೂಸ್, ಏರ್ ಫಿಲ್ಟರ್ ಹಾಗೂ ಸೆನ್ಸರ್‌ಗೆ ಮುಂಚಿನ ಕೊಳವೆಯಲ್ಲಿ ಸೋರಿಕೆ ಇದೆಯೇ ಎಂಬುದನ್ನು ಕಣ್ಣಿನಿಂದ ಪರಿಶೀಲಿಸುವುದು. ಇಲ್ಲಿ ಸೋರಿಕೆಯಿದ್ದಲ್ಲಿ ಹೊರಗಿನ ಗಾಳಿ ಸೇರಿ ಸುಸ್ಥಿತಿಯ ಸೆನ್ಸರ್ ಕೂಡ ತಪ್ಪು ಸಂಕೇತ ನೀಡುತ್ತದೆ.

ಇ) ಎಂಜಿನ್ ಪೂರ್ಣ ಬಿಸಿಯಾದ ನಂತರ, ಕನೆಕ್ಟರ್ ಬಿಚ್ಚದೆ, ಡಿಜಿಟಲ್ ಮಲ್ಟಿಮೀಟರ್‌ನಿಂದ ಮೊದಲ ಸೆನ್ಸರ್‌ನ ಸಂಕೇತದ ವೈರಿನಲ್ಲಿ ವೋಲ್ಟೇಜ್ ಅಳೆಯುವುದು. ಸುಮಾರು 2500 ಸುತ್ತುಗಳಲ್ಲಿ ಅದು 0.1 ಮತ್ತು 0.9 ವೋಲ್ಟ್‌ಗಳ ನಡುವೆ ಹತ್ತು ಸೆಕೆಂಡುಗಳಲ್ಲಿ ಹಲವು ಬಾರಿ ಏರಿಳಿಯಬೇಕು.

ಈ) ಏರಿಳಿತವಿಲ್ಲದೆ ಒಂದೇ ಕಡೆ ನಿಂತಿದ್ದಲ್ಲಿ, ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ 0.8 ವೋಲ್ಟ್ ದಾಟುತ್ತದೆಯೇ, ಒಂದು ವ್ಯಾಕ್ಯೂಮ್ ಪೈಪನ್ನು ಕ್ಷಣಕಾಲ ಕಳಚಿದಾಗ 0.2 ವೋಲ್ಟ್‌ಗಿಂತ ಇಳಿಯುತ್ತದೆಯೇ ಎಂದು ನೋಡುವುದು. ಎರಡಕ್ಕೂ ತಕ್ಷಣ ಪ್ರತಿಕ್ರಿಯಿಸಿದಲ್ಲಿ ಸೆನ್ಸರ್ ಸರಿಯಾಗಿದ್ದು, ದೋಷವನ್ನು ಬೇರೆಡೆ ಹುಡುಕತಕ್ಕದ್ದು. ಪ್ರತಿಕ್ರಿಯಿಸದಿದ್ದಲ್ಲಿ ಅಥವಾ ಬಹಳ ನಿಧಾನವಾಗಿದ್ದಲ್ಲಿ ಬದಲಾವಣೆ ಅವಶ್ಯಕ.

ಉ) ಎಂಜಿನ್ ಆರಿಸಿ ತಣ್ಣಗಾದ ಮೇಲೆ ಕನೆಕ್ಟರ್ ಬಿಚ್ಚಿ, ಹೀಟರ್‌ನ ಎರಡು ವೈರುಗಳ ನಡುವಿನ ಓಮ್ ಅಳತೆಯನ್ನು ತಯಾರಕರ ಕೈಪಿಡಿಯೊಂದಿಗೆ ಹೋಲಿಸುವುದು. ಸಂಪರ್ಕವೇ ತೋರದಿದ್ದಲ್ಲಿ ಹೀಟರ್ ತಂತಿ ಕಡಿದಿದೆ ಎಂದರ್ಥ.

ವಿಶೇಷ ಸೂಚನೆ: ಎರಡನೆಯ ಸೆನ್ಸರ್‌ನ ವೋಲ್ಟೇಜ್ ಹೆಚ್ಚು ಏರಿಳಿಯದೆ ಸ್ಥಿರವಾಗಿರುವುದು ಕನ್ವರ್ಟರ್ ಸುಸ್ಥಿತಿಯ ಲಕ್ಷಣವಾಗಿದೆ. ಕೆಲವು ಹೊಸ ಕಾರುಗಳ ಮೊದಲ ಸೆನ್ಸರ್ ವೈಡ್‌ಬ್ಯಾಂಡ್ ಮಾದರಿಯದಾಗಿದ್ದು, ಅವುಗಳಿಗೆ ಮೇಲಿನ ವೋಲ್ಟೇಜ್ ಪರೀಕ್ಷೆ ಅನ್ವಯಿಸುವುದಿಲ್ಲ. ಅವುಗಳನ್ನು ಸ್ಕ್ಯಾನರ್ ಮೂಲಕವೇ ಪರೀಕ್ಷಿಸತಕ್ಕದ್ದು.

5. ಬದಲಾಯಿಸುವ ವಿಧಾನ

ಅ) ವಾಹನದ ಮಾದರಿಗೆ ತಯಾರಕರು ಸೂಚಿಸಿದ ಬಿಡಿಭಾಗ ಸಂಖ್ಯೆಯನ್ನೇ ಖರೀದಿಸಿ, ರಸೀದಿ ಮತ್ತು ಖಾತರಿ ಪತ್ರವನ್ನು ಪಡೆಯುವುದು. ವಾಹನವು ಖಾತರಿ ಅವಧಿಯಲ್ಲಿದ್ದಲ್ಲಿ ಮೊದಲು ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸುವುದು.

ಆ) ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚುವುದು. ಸೈಲೆನ್ಸರ್ ಕೊಳವೆ ಸುಡುವಷ್ಟು ಬಿಸಿಯಾಗಿರಬಾರದು. ತುಕ್ಕು ಹಿಡಿದಿದ್ದಲ್ಲಿ ತುಕ್ಕು ಸಡಿಲಿಸುವ ಎಣ್ಣೆ ಹಾಕಿ, ವೈರು ಹಾಯುವ ಸೀಳುಳ್ಳ ಸಾಕೆಟ್‌ನಿಂದ ಬಿಚ್ಚುವುದು. ಇದು ಸಾಮಾನ್ಯವಾಗಿ 22 ಮಿ.ಮೀ. ಅಳತೆಯದಾಗಿರುತ್ತದೆ.

ಇ) ಹೊಸ ಸೆನ್ಸರ್‌ನ ತುದಿಯನ್ನು ಮುಟ್ಟಬಾರದು. ಮರೆಗಳಿಗೆ ಮೊದಲೇ ಲೇಪನವಿಲ್ಲದಿದ್ದಲ್ಲಿ ಮಾತ್ರ ಆ್ಯಂಟಿ-ಸೀಜ್ ಲೇಪನ ಹಚ್ಚುವುದು. ಮೊದಲು ಕೈಯಿಂದ ತಿರುಗಿಸಿ, ನಂತರ ಕೈಪಿಡಿಯಲ್ಲಿನ ಟಾರ್ಕ್‌ಗೆ ಬಿಗಿಗೊಳಿಸುವುದು. ವೈರು ಬಿಸಿ ಕೊಳವೆಗೆ ತಗುಲದಂತೆ ನೋಡಿಕೊಳ್ಳುವುದು.

ಈ) ದೋಷ ಸಂಖ್ಯೆಗಳನ್ನು ಅಳಿಸಿ, ವಾಹನವನ್ನು ರಸ್ತೆಯಲ್ಲಿ ಓಡಿಸಿ, ಎಚ್ಚರಿಕೆ ದೀಪ ಮತ್ತೆ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ತೆಗೆದ ಹಳೆಯ ಸೆನ್ಸರನ್ನು ಕೇಳಿ ಪಡೆಯುವುದು.

6. ಸೆನ್ಸರ್ ಹಾಳಾಗಲು ಕಾರಣಗಳು

ಸೀಸಯುಕ್ತ ಪೆಟ್ರೋಲ್ ಹಿಂದೆ ಇದರ ಮುಖ್ಯ ಶತ್ರುವಾಗಿತ್ತು. 2000ನೇ ಇಸವಿಯ ಫೆಬ್ರವರಿಯಿಂದ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಪೂರೈಕೆಯಾಗುತ್ತಿದೆ. ಈಗಿನ ಕಾರಣಗಳೆಂದರೆ ಎಂಜಿನ್ ಆಯಿಲ್ ಉರಿಯುವುದು, ಕೂಲಂಟ್ ಸೋರಿಕೆ, ಸಿಲಿಕೋನ್ ಗಾಸ್ಕೆಟ್ ಅಂಟಿನ ಆವಿ, ಮಸಿ ಶೇಖರಣೆ ಹಾಗೂ ವೈರಿಗೆ ಹಾನಿ. ಮೂಲ ಕಾರಣವನ್ನು ಸರಿಪಡಿಸದೆ ಸೆನ್ಸರ್ ಮಾತ್ರ ಬದಲಾಯಿಸಿದಲ್ಲಿ ಹೊಸದೂ ಶೀಘ್ರವೇ ಹಾಳಾಗುತ್ತದೆ.

7. ಮಾಡಬಾರದ ಕೆಲಸಗಳು

ಎಚ್ಚರಿಕೆ ದೀಪದ ತಂತಿ ಕತ್ತರಿಸುವುದು, ಸುಳ್ಳು ಸಂಕೇತ ನೀಡುವ ಸಾಧನ ಜೋಡಿಸುವುದು, ಕೆಟಲಿಟಿಕ್ ಕನ್ವರ್ಟರ್ ತೆಗೆಸುವುದು ಹಾಗೂ ವಾಹನವನ್ನು ತಪಾಸಣೆಗೆ ಒಳಪಡಿಸದೆ ಪ್ರಮಾಣ ಪತ್ರ ಪಡೆಯುವುದು ಸಲ್ಲದು. ಇವುಗಳಿಂದ ಹೊಗೆ ಕಡಿಮೆಯಾಗುವುದಿಲ್ಲ. ಮಾಲೀಕರು ಕಾನೂನು ಕ್ರಮಕ್ಕೆ ಗುರಿಯಾಗಬೇಕಾಗುತ್ತದೆ.

8. ಮರುತಪಾಸಣೆ

ದುರಸ್ತಿಯ ನಂತರ ವಾಹನವನ್ನು ಕನಿಷ್ಠ 15 ನಿಮಿಷ ಓಡಿಸಿ, ಎಂಜಿನ್ ಮತ್ತು ಕನ್ವರ್ಟರ್ ಬಿಸಿಯಿರುವಾಗಲೇ ಅಧಿಕೃತ ತಪಾಸಣಾ ಕೇಂದ್ರಕ್ಕೆ ಹಾಜರುಪಡಿಸುವುದು. ಹಿಂದಿನ ನಿರಾಕರಣೆ ಚೀಟಿಯನ್ನು ಜೊತೆಯಲ್ಲಿಟ್ಟುಕೊಂಡು ಎರಡೂ ಅಂಕಿಗಳನ್ನು ಹೋಲಿಸಿದಲ್ಲಿ, ದುರಸ್ತಿಯಿಂದ ಪ್ರಯೋಜನವಾಗಿದೆಯೇ ಎಂಬುದು ಮಾಲೀಕರಿಗೆ ಸ್ವತಃ ತಿಳಿಯುತ್ತದೆ. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.